ಅರ್ಧ ಕಮಲ

ಕೊನೆಯ ಎಸಳು ಎಳೆದು ಮುಗಿಸಿದ ಅಂಜನಮ್ಮ ಬೆರಳಿಗಂಟಿದ ರಂಗೋಲಿ ಪುಡಿ ಕೊಡವುತ್ತಿದ್ದಳು. ಎದುರುಮನೆಯ ಮುನಿವೆಂಕಟಮ್ಮ ನಕ್ಕಳು. "ಏನಮ್ಮಾ, ಅರ್ಧ ಕಮಲ ಬಿಟ್ಟಿದ್ದೀಯ? ಇನ್ನರ್ಧ ದನ ಮೇಯ್ತಾ?"

ಅಂಜನಮ್ಮನ ಕಣ್ಣಿಗೆ ಕಮಲ ಪೂರ್ತಿಯಾಗಿತ್ತು. ತಲೆಯನ್ನು ಎಡಕ್ಕೆ ತಿರುಗಿಸಿದಾಗಲೇ ಸಾರಿಸಿದ ಬರಿನೆಲ ಕಂಡಿತು. ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು. ಯಾವ ಕಣ್ಣಿಗೂ ಎಡಗಡೆ ಎನ್ನುವುದೇ ಇರಲಿಲ್ಲ.

"ಕಣ್ಣಲ್ಲಿ ಏನೂ ದೋಷ ಇಲ್ಲ. ತಲೆಗೆ ಪೆಟ್ಟು ಬಿದ್ದಿತ್ತೇನಮ್ಮಾ?" ಎಂದು ಜಯನಗರದ ಡಾಕ್ಟರು ಹೋದ ವಾರ, ಎಡಭುಜ ಬಾಗಿಲಿಗೆ ತಾಗುತ್ತಲೇ ಇದೆಯೆಂದು ತೋರಿಸಲು ಹೋದಾಗ, ಕೇಳಿದ್ದರು. ಗಂಡ ಚಲುವರಾಜು ಪಕ್ಕದಲ್ಲೇ ನಿಂತಿದ್ದ. "ಇಲ್ಲ ಸಾರ್," ಎಂದಿದ್ದಳು. ಅವನು ದಬ್ಬಿದ ರಭಸಕ್ಕೆ ಅವಳ ತಲೆಯ ಹಿಂಭಾಗ ಗೋಡೆಗೆ ಬಡಿದದ್ದು ಅವರಿಬ್ಬರಿಗೇ ಗೊತ್ತಿತ್ತು.

ಒಳಗೆ ರೇಡಿಯೋ ವಾರ್ತೆ ನಿಂತಿತು. "ಬೇಗ ರೆಡಿಯಾಗು, ಡಾಕ್ಟ್ರು ಇವತ್ತು ಮತ್ತೆ ಬರೋಕೆ ಹೇಳಿದಾರಲ್ಲ," ಎಂದ ಚಲುವರಾಜು. ದಬ್ಬಿದ ದಿನದಿಂದ ಅವನ ದನಿ ಮೆತ್ತಗಾಗಿತ್ತು.

ಅಂಜನಮ್ಮ ಚೆಂಬಿನ ನೀರು ಸುರಿದು ಕಮಲವನ್ನು ಅಳಿಸಿದಳು.

"ಅಯ್ಯೋ, ಯಾಕೆ ಅಳಿಸ್ದೆ?"

"ಚೆನ್ನಾಗಿ ಬರ್ಲಿಲ್ಲ ಅಕ್ಕ."

ತವರಿನಲ್ಲಿ ಯಾರೂ ಉಳಿದಿಲ್ಲದವಳು, ಅರ್ಧವೇ ಕಾಣುವ ಈ ಕಣ್ಣು ಹೊತ್ತು ಎಲ್ಲಿಗೆ ಹೋಗಬೇಕು? ಡಾಕ್ಟರು ಕೇಳಿದರೆ ಇವತ್ತೂ ಇಲ್ಲವೆಂದೇ ಹೇಳುವುದು. ನಾಳೆಯಿಂದ ಬಾಗಿಲಿಗೆ ಎರಡೆಳೆ ರಂಗೋಲಿ ಸಾಕು.