ಒಂದು ಹೆಜ್ಜೆ ಹಿಂದೆ

"ಇವಳಿಗೆ ಉಸಿರು ಸಾಲ್ತಿಲ್ಲ ಮೇಡಂ. ದಿನೇ ದಿನೇ ಜಾಸ್ತಿ ಆಗ್ತಿದೆ," ಎಂದರು ಜಯದೇವಪ್ಪ, ಕುರ್ಚಿ ಎಳೆದು ಕೂರುತ್ತಲೇ. ಹೆಂಡತಿ ಈಶ್ವರಮ್ಮ ಬೆನ್ನ ಹಿಂದೆ ನಿಂತೇ ಇದ್ದರು.

ಬನಶಂಕರಿಯ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶಾಲಿನಿಯ ಪ್ರಶ್ನೆಗಳೆಲ್ಲ ಈಶ್ವರಮ್ಮನಿಗೆ, ಉತ್ತರಗಳೆಲ್ಲ ಜಯದೇವಪ್ಪನವರದು. ಇವಳ ವಯಸ್ಸು ಅರವತ್ತೆರಡು. ತಾವು ರಿಟೈರ್ ಆದಾಗಿನಿಂದ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋಗುವುದು. ಆಗ ಆರು ಸುತ್ತು; ಈಗ ಒಂದೂ ಮುಗಿಯುವುದಿಲ್ಲ. ಇವಳಿಗಾಗಿ ತಾವು ನಿಂತು, ತಿರುಗಿ ಬೈಯಬೇಕು. ಮೊದಲು ಸುತ್ತಿಗೊಮ್ಮೆ ನಿಂತರೆ ಸಾಕಿತ್ತು, ಈಗ ಬೆಂಚಿಗೊಮ್ಮೆ.

ಮಕ್ಕಳೆಷ್ಟು ಎಂದು ಕೇಳಿದರು ಡಾಕ್ಟರ್.

"ಒಂದು, ಹೊಟ್ಟೇಲಿದ್ದಾಗ್ಲೇ ಏಳು ತಿಂಗಳಿಗೆ ಹೋಯ್ತು. ನಾನು ಬಸ್ಸಿಗೆ ಓಡ್ತಿದ್ದೆ, ಇವಳು ಹಿಂದೆ ಬರಕ್ಕಾಗ್ದೆ ಬಿದ್ಲು. ಆಮೇಲೆ ಆಗ್ಲೇ ಇಲ್ಲ. ಇವಳ ನಡಿಗೆ ಅವತ್ತೂ ಇಷ್ಟೇ."

"ನಿಲ್ಲಿ ಅಂದಿದ್ದೆ," ಎಂದರು ಈಶ್ವರಮ್ಮ. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

ಬಿಪಿ, ಇಸಿಜಿ, ರಕ್ತ, ಎದೆಯ ಸದ್ದು, ಈಶ್ವರಮ್ಮನದು ಎಲ್ಲವೂ ಸರಿಯಿತ್ತು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಕಾರಿಡಾರಿನಲ್ಲಿ ನಡೆದು ತೋರಿಸಿ ಅಂದರು. ಜಯದೇವಪ್ಪ ಎದ್ದರು. ನಾನು ಮುಂದಿಲ್ಲದೆ ಇವಳು ನಡೆಯುವುದಿಲ್ಲ, ಮದುವೆಯ ದಿನವೇ ಹಾಗೆ ಹೇಳಿಟ್ಟಿದ್ದೇನೆ ಅಂದರು.

"ಇವತ್ತೊಂದು ದಿನ ಅವರೇ ಮುಂದೆ ಹೋಗ್ಲಿ ಬಿಡಿ ಅಂಕಲ್."

ಈಶ್ವರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟರು. ಹೋದರು, ಬಂದರು, ಮತ್ತೆ ಹೋದರು. ಒಂದು ಹನಿ ಬೆವರಿಲ್ಲ. ಹೆಂಡತಿಗಿಂತ ಹಿಂದೆ ಬೀಳುವುದುಂಟೇ? ಜಯದೇವಪ್ಪ ಬಿರುಸಾಗಿ ಹೆಜ್ಜೆ ಹಾಕಿದರು. ಮೂರನೆಯ ತಿರುವಿನಲ್ಲಿ ಅವರ ಕೈ ಗೋಡೆ ಹುಡುಕಿತು. ತುಟಿ ನೀಲಿಗಟ್ಟಿತ್ತು.

ಡಾಕ್ಟರ್ ಅವರನ್ನು ಹಾಸಿಗೆಗೆ ಒರಗಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಶ್ವಾಸಕೋಶದಲ್ಲಿ ನೀರು. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಹಾಗೇ ಉಳಿಯಿತು. ಹೃದಯ ಸೋತಿತ್ತು, ಇವತ್ತು ನಿನ್ನೆಯದಲ್ಲ. ಆಕ್ಸಿಜನ್ ಹಾಕಿ, ಆಂಬುಲೆನ್ಸಿಗೆ ಫೋನ್ ಮಾಡಿ ಹೊರಗೆ ಬಂದರು.

"ಎರಡು ವರ್ಷದ ಹಿಂದೇನೇ ಬಂದಿದ್ರೆ ಸುಲಭ ಇತ್ತು. ದಿನಾ ಜೊತೇಲೇ ಇರ್ತಿದ್ರಿ. ಇವ್ರು ನಿಧಾನ ಆಗ್ತಿರೋದು ಗೊತ್ತಾಗ್ಲೇ ಇಲ್ವಾ ಅಮ್ಮ?"

"ಮೊದಲ್ನೇ ದಿನಾನೇ ಗೊತ್ತಾಯ್ತು," ಎಂದರು ಈಶ್ವರಮ್ಮ. "ಅವ್ರಿಗೆ ಗೊತ್ತಾಗ್ಬಾರ್ದು ಅಂತ್ಲೇ ನಾನು ಇನ್ನೂ ನಿಧಾನ ನಡೆದೆ."