ಸರ್ಕಾರಕ್ಕೆ ಒಪ್ಪಿಸಿದ ತಪ್ಪು

“ಒಂದು ಬ್ರೇಕ್ ವೈರ್ ಬಿಗಿ ಮಾಡಾಕ ಬರಂಗಿಲ್ಲ, ಕ್ಷಮಾ ಕೇಳಾಕ ಬಂದಾನ ನೋಡ್ರಿ ದೊಡ್ಡ ಮನಷ್ಯಾ!” ಕ್ಷಮಾಪಣೆ ಇಲಾಖೆಯ ಗುಮಾಸ್ತ ಕಿಟಕಿಯೊಳಗಿಂದ ಕೂಗಿದ. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು.

ನಗದೇ ಇನ್ನೇನು? ಜನರ ತಪ್ಪುಗಳನ್ನೆಲ್ಲ ಸರ್ಕಾರ ತನ್ನ ತಲೆಯ ಮೇಲೆ ಹೊತ್ತುಕೊಂಡ ಮೇಲೆ ಊರು ತುಂಬ ದೇವರಂಥ ಮನುಷ್ಯರೇ. ಹಾಲಿಗೆ ನೀರು ಬೆರೆಸಿದವನೂ ಹೆಂಡತಿಗೆ ಹೊಡೆದವನೂ ಇಲ್ಲಿಗೆ ಬಂದು ತಪ್ಪು ಒಪ್ಪಿಸಿ, ಹಗುರಾಗಿ ಚಹಾ ಕುಡಿಯಲು ಹೋಗುತ್ತಾರೆ. ನೊಂದವರಿಗೆ ಫೋನಿನಲ್ಲಿ ಒಂದು ಸಿಹಿ ದನಿ ಸರ್ಕಾರದ ಪರವಾಗಿ ಕ್ಷಮೆ ಕೇಳುತ್ತದೆ. ನೀವೇ ಹೋಗಿ ಕ್ಷಮೆ ಕೇಳಿದಿರೋ, ಸರ್ಕಾರದ ಸ್ವತ್ತು ಕದ್ದಂತೆ, ಜೈಲು.

ಗ್ಯಾರೇಜಿನ ದಾವಲ್‌ಸಾಬ ಕಿಟಕಿ ಬಿಟ್ಟು ಕದಲಲಿಲ್ಲ. “ಸಾಹೇಬ್ರ, ಶಂಕ್ರಕ್ಕನ ಸ್ಕೂಟಿ ರಿಪೇರಿ ಮಾಡಿದಾವ ನಾನು. ಬ್ರೇಕ್ ಹತ್ತದ ಬಿದ್ದು ಆಕಿ ಕಾಲು ಮುರದೈತಿ. ನನ್ನ ಬಾಯಿಲೆ ನಾನ ಹೇಳ್ತೀನಿ, ಪರವಾನಗಿ ಕೊಡ್ರಿ.”

“ಆಕಿಗೆ ಮುಂಜಾನೇನ ಫೋನ್ ಹೋಗೈತಿ.”

“ಏನಂದ್ಳ್ರಿ?”

“‘ದಾವಲ್ ಯಾಕ ಬರಲಿಲ್ಲ’ ಅಂದ್ಳಂತ. ತಿಳಿವಳಿಕೆ ಇಲ್ಲದ ಹೆಂಗಸು!” ಗುಮಾಸ್ತ ನಗುತ್ತ, ಠಸ್ಸೆ ಒತ್ತಿದ ಚೀಟಿಯೊಂದನ್ನು ಹೊರಗೆ ತಳ್ಳಿದ. “ತಗೋ, ನಿಂದೇನೂ ತಪ್ಪಿಲ್ಲ. ಮನೀಗೆ ಹೋಗಿ ಮಲ್ಕೋ.”

ದಾವಲ್‌ಸಾಬ ಚೀಟಿ ಮುಟ್ಟಲಿಲ್ಲ. ಬಾಗಿಲು ದಾಟಿ, ಮನೆಯ ದಾರಿ ಬಿಟ್ಟು ಶಂಕ್ರಕ್ಕ ಇದ್ದ ಆಸ್ಪತ್ರೆಯ ಕಡೆ ತಿರುಗಿದ.

“ಏ, ಎಲ್ಲಿಗೆ ಹೊಂಟಿ? ಅಲ್ಲಿ ಬಾಯಿ ಬಿಟ್ಟರ ಜೈಲು, ಗೊತ್ತೈತಿಲ್ಲೋ?” ಗುಮಾಸ್ತ ಎದ್ದು ನಿಂತು ಕಿರುಚಿದ. ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

ದಾವಲ್‌ಸಾಬ ನಡೆಯುತ್ತಲೇ ಇದ್ದ.