ಎಂಟು ಮಗ್ಗಕ್ಕೆ ಒಬ್ಬ

ಇಚಲಕರಂಜಿಯ ಶಾಂತಿನಾಥರ ವಿದ್ಯುತ್ ಮಗ್ಗದ ಕಾರ್ಖಾನೆಯೊಳಗೆ ಆ ಸೋಮವಾರ ಬೆಳಿಗ್ಗೆ ಮೊದಲು ಒಂದು ಕುರ್ಚಿ ಬಂತು, ಅದರ ಹಿಂದೆ ವೈಭವ ಸಾಹೇಬರು ಬಂದರು. ಕೊಲ್ಹಾಪುರದ ಸ್ವತಂತ್ರ ಸಂಶೋಧಕರು. ಅರ್ಥಶಾಸ್ತ್ರ, ತಂತ್ರಜ್ಞಾನ, ಇಂಜಿನಿಯರಿಂಗ್, ಸಾಮಾಜಿಕ ಸಮಸ್ಯೆ ಎಂದು ಅವರ ಕಾರ್ಡಿನ ಮೇಲೆ ಒಂದರ ಕೆಳಗೊಂದು ಅಚ್ಚಾಗಿತ್ತು. ಐದನೆಯದಕ್ಕೆ ಕಾರ್ಡಿನಲ್ಲಿ ಜಾಗ ಸಾಲದೆ ಲೋಕಕ್ಕೆಷ್ಟು ನಷ್ಟವಾಯಿತೋ ಹೇಳಲಾಗದು. ಇವರು ಯಾರ ಸಂಬಳದಲ್ಲೂ ಇಲ್ಲ, ಯಾರ ಮುಲಾಜೂ ಇಲ್ಲ ಎಂದು ಹೊಗಳಿದ ಶಾಂತಿನಾಥರು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡು ಎಂದು ಮಗ್ಗದ ಕೆಲಸಗಾರ ಗುರಣ್ಣನಿಗೆ ತಾಕೀತು ಮಾಡಿ ಹೋದರು.

ಗುರಣ್ಣನಿಗೆ ಒಳಗೊಳಗೇ ಹಿಗ್ಗು. ಹದಿನೆಂಟು ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಆದರೆ ನಾಲ್ಕು ಮಗ್ಗ ನೋಡಿಕೊಳ್ಳುವವನಿಗೆ ನಿಂತು ಮಾತಾಡಲು ಪುರುಸೊತ್ತೆಲ್ಲಿ? ಎಳೆ ಹರಿದರೆ ಕಟ್ಟಬೇಕು, ಲಾಳಿಯ ನೂಲು ಮುಗಿದರೆ ಬೇರೆ ಹಾಕಬೇಕು, ಯಾವುದು ತಪ್ಪಿದರೂ ಮಗ್ಗ ನಿಂತುಬಿಡುತ್ತದೆ. ಹಾಗಂತ ನಮ್ಮಲ್ಲಿಗೆ ಬಂದವರಿಗೆ ಬೆನ್ನು ತಿರುಗಿಸುವುದು ಮರ್ಯಾದೆಯೇ? ಪಕ್ಕದ ನಾಲ್ಕು ಮಗ್ಗದ ಮಲ್ಲಾರಿಗೆ, ಇವನ್ನೂ ಸ್ವಲ್ಪ ನೋಡಿಕೋ ಎಂದು ಕೈಸನ್ನೆ ಮಾಡಿದ. ಮಲ್ಲಾರಿ ತಲೆಯಾಡಿಸಿದ. ಅಥಣಿ ಕಡೆಯಿಂದ ಒಂದೇ ಬಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬಂದ ಗೆಳೆಯರು ಅವರು.

ಸಂಶೋಧನೆ ಶುರುವಾಯಿತು. ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀ, ಹೆಂಡತಿಯ ಜೊತೆ ವಾರಕ್ಕೆ ಎಷ್ಟು ಜಗಳ, ಫೋನಿನಲ್ಲಿ ಏನು ನೋಡುತ್ತೀ, ಯಂತ್ರವನ್ನು ಕಂಡರೆ ನಿನಗೆ ಏನನಿಸುತ್ತದೆ. ಮಗ್ಗಗಳ ಗದ್ದಲದಲ್ಲಿ ಗುರಣ್ಣ ಸಾಹೇಬರ ಕಿವಿಗೇ ಬಾಯಿ ಹಚ್ಚಿ ಉತ್ತರ ಕೂಗಿದ. ಎಂಟು ಮಗ್ಗಗಳ ನಡುವೆ ಮಲ್ಲಾರಿ ಬೆವರು ಒರೆಸಿಕೊಳ್ಳಲೂ ನಿಲ್ಲದೆ ಓಡುತ್ತಿದ್ದ; ತನ್ನವು ಆಗಾಗ ನಿಂತರೂ ಗೆಳೆಯನ ನಾಲ್ಕನ್ನು ಮಾತ್ರ ನಿಲ್ಲಗೊಡಲಿಲ್ಲ. ವೈಭವರು ಆಗಾಗ ತಲೆಯೆತ್ತಿ ಅವನನ್ನೂ ನೋಡಿ ಏನೋ ಬರೆದುಕೊಂಡರು.

ಹದಿನೈದು ದಿನಕ್ಕೆ ವರದಿ ಬಂತು, ಬಣ್ಣದ ರಟ್ಟು ಹಾಕಿಸಿಕೊಂಡು. ಗುರಣ್ಣನ ಮಗ್ಗಗಳು ಆತ ಕೈ ಹಚ್ಚದಿದ್ದರೂ ಆರು ತಾಸು ನಿಲ್ಲದೆ ನಡೆದಿವೆ, ಆದ್ದರಿಂದ ಆತನಿಗೆ ಎಂಟು ಮಗ್ಗ ಒಪ್ಪಿಸಬಹುದು ಎಂದು ಇಂಜಿನಿಯರಿಂಗ್ ಭಾಗದಲ್ಲಿತ್ತು. ಮಲ್ಲಾರಿ ಎಂಬ ಕಾರ್ಮಿಕ ತನ್ನ ಜಾಗ ಬಿಟ್ಟು ಇನ್ನೂರ ಹನ್ನೊಂದು ಸಲ ವಿನಾಕಾರಣ ಅಡ್ಡಾಡಿದ್ದಾನೆ ಎಂಬುದು ಸಾಮಾಜಿಕ ಸಮಸ್ಯೆಯ ಭಾಗದಲ್ಲಿತ್ತು. ಅಂದೇ ಸಂಜೆ ಮಲ್ಲಾರಿಯ ಕೆಲಸ ಹೋಯಿತು. ಅವನು ಯಾರನ್ನೂ ಬೈಯಲಿಲ್ಲ, ಗುರಣ್ಣನ ಹೆಗಲು ತಟ್ಟಿ ಹೋದ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು ಎನಿಸಿತು ಗುರಣ್ಣನಿಗೆ.

ಮರುದಿನ ಬೆಳಿಗ್ಗೆ ನೇರವಾಗಿ ಶಾಂತಿನಾಥರ ಮುಂದೆ ಹೋಗಿ ನಿಂತ.

“ಮಾಲಕ್ರ, ಅವತ್ತ ನಾ ಬರೇ ಮಾತಾಡೇನ್ರಿ. ನನ್ನ ಮಗ್ಗ ನಡಸಿದಾಂವ ಮಲ್ಲಾರಿ.”

ಶಾಂತಿನಾಥರು ಕೆಟ್ಟವರಲ್ಲ. ವರದಿಯನ್ನು ಕೈಗೆತ್ತಿಕೊಂಡರು. “ನೀ ಅವನ ದೋಸ್ತ ಅದಿ ಗುರಣ್ಣ. ಅವರು ಸ್ವತಂತ್ರ ಅದಾರ. ಯಾರ ಮಾತ ಹಿಡೀಲಿ ಹೇಳು?”

“ನನ್ನ ಮಾತ ಬಿಡ್ರಿ. ಇವತ್ತ ಎಂಟೂ ನಾನ ನಡಸ್ತೀನಿ, ನೀವ ನೋಡ್ರಿ. ನಿಂತ್ರ ಮಲ್ಲಾರಿನ ಹೊಳ್ಳಿ ಕರಸ್ರಿ.”

ಶಾಂತಿನಾಥರು ಒಪ್ಪಿದರು. ಬೇಕೆಂತಲೇ ಕೆಲಸ ಕೆಡಿಸಿದ ಎಂಬ ಮಾತು ಬರಬಾರದೆಂದು ಗುರಣ್ಣ ಮೈಮುರಿದು ದುಡಿದ. ಆದರೂ ಒಂದು ತಾಸಿನಲ್ಲಿ ಎರಡು ಮಗ್ಗ ನಿಂತವು, ಎರಡನೆಯ ತಾಸಿಗೆ ಐದು. ನಿಂತ ಮಗ್ಗ ಕಂಡು ಅವನಿಗೆ ಖುಷಿಯಾದದ್ದು ಜನ್ಮದಲ್ಲಿ ಅದೇ ಮೊದಲು. ಶಾಂತಿನಾಥರು ಒಮ್ಮೆ ಮಗ್ಗ ನೋಡಿದರು, ಒಮ್ಮೆ ಕೈಯಲ್ಲಿದ್ದ ವರದಿ ನೋಡಿದರು. ನೀನು ಹೇಳಿದ್ದೇ ನಿಜವಿದ್ದಂತಿದೆ, ಆದರೂ ಸಾಹೇಬರನ್ನು ಒಂದು ಮಾತು ಕೇಳಿಬಿಡುತ್ತೇನೆ ಎಂದು ಫೋನ್ ಹಿಡಿದು ಬೀದಿಗೆ ಹೋದರು. ಒಂದು ಕಿವಿಗೆ ಬೆರಳಿಟ್ಟುಕೊಂಡು, ಕಾರ್ಖಾನೆಗೆ ಬೆನ್ನು ಹಾಕಿ ನಿಂತರು. ವೈಭವರ ಉತ್ತರವೆಂದರೆ ಬೇಗ ಮುಗಿಯುವಂಥದ್ದಲ್ಲ.

ಅದೇ ಹೊತ್ತಿಗೆ, ಬಿಟ್ಟುಹೋದ ಊಟದ ಡಬ್ಬಿ ಒಯ್ಯಲೆಂದು ಮಲ್ಲಾರಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಬೆಳಿಗ್ಗೆ ಆದ ಕರಾರು ಅವನಿಗೇನು ಗೊತ್ತು? ಸಾಲಾಗಿ ನಿಂತ ಮಗ್ಗಗಳನ್ನೂ, ಅತ್ತ ಕೊನೆಯಲ್ಲಿ ಸಿಕ್ಕು ಬಿಡಿಸುತ್ತ ಬಾಗಿದ್ದ ಗೆಳೆಯನನ್ನೂ ನೋಡಿದ. ಅಂಗಿಯ ತೋಳು ಮೇಲೇರಿಸಿದ. ಗುರಣ್ಣ ತಿರುಗಿ ನೋಡುವಷ್ಟರಲ್ಲಿ ಎರಡು ಮಗ್ಗ ಶುರುವಾಗಿದ್ದವು, ಓಡಿ ಬರುವಷ್ಟರಲ್ಲಿ ನಾಲ್ಕು. ಬೇಡವೋ, ಬಿಡು ಎಂದು ಅರಚಿದ್ದು ಸದ್ದಿನಲ್ಲಿ ಮುಳುಗಿತು. ಗುರಣ್ಣ ಕೈ ಹಿಡಿದು ಎಳೆಯುತ್ತಿದ್ದರೂ ಬಿಡದೆ ಮಲ್ಲಾರಿ ಐದನೆಯದರ ಎಳೆಯನ್ನೂ ಕಟ್ಟಿ, ಗೆಳೆಯನ ಕಿವಿಯಲ್ಲಿ ಕೂಗಿದ.

“ಮಾಲಕ ನೋಡೂದ್ರಾಗ ಆತು ಬಿಡೋ. ನಂದಂತೂ ಹೋತು, ನಿಂದರ ಉಳೀಲಿ.”

ಹೊರಗೆ ಬೀದಿಯಲ್ಲಿ ಶಾಂತಿನಾಥರು ಕಿವಿಯಿಂದ ಬೆರಳು ತೆಗೆದು ಆಲಿಸಿದರು. ಎಂಟೂ ಮಗ್ಗಗಳ ಸದ್ದು. ಮುಖ ಅರಳಿತು. ತಿರುಗಿಯೂ ನೋಡದೆ ಫೋನಿಗೆ ಹೇಳಿದರು.

“ಏನೂ ಬ್ಯಾಡ ಬಿಡ್ರಿ ಸಾಹೇಬ್ರ, ಮಗ್ಗ ತಾವಾಗೇ ಸುರು ಆದ್ವು. ನೀವ ಬರದದ್ದ ಬರೋಬರ್ ಐತಿ.”